ಫ್ರ್ಯಾಕಿಂಗ್ ಬೇಕೋ ಬೇಡವೋ: ಜನ ನಿಜಕ್ಕೂ ಏನು ಹೇಳುತ್ತಿದ್ದಾರೆ?

ಪ್ರಶ್ನೆ: ನನ್ನ ಮಗಳು, ಅಳಿಯ ಅಮೆರಿಕದ ಪಿಟ್ಸ್‌ಬರ್ಗ್ ಹತ್ತಿರ ಇದ್ದಾರೆ. ಊರಾಚೆ ಒಂದು ಮನೆ ಕೊಳ್ಳುವ ಯೋಚನೆ ನಡೆದಿದೆ. ಆ ಕಡೆಯೆಲ್ಲ ಫ್ರ್ಯಾಕಿಂಗ್ ಮಾಡಿ ಗ್ಯಾಸ್ ತೆಗೆಯುತ್ತಾರಂತೆ. 2024ರ ಚುನಾವಣೆಯಲ್ಲೂ ಅದೇ ಮಾತು ಕೇಳಿಬಂತು. ಒಂದು ಸರ್ವೇ ನೋಡಿದರೆ ಜನಕ್ಕೆ ಬೇಕು, ಇನ್ನೊಂದು ನೋಡಿದರೆ ಬೇಡ. ಬ್ರಿಟನ್‌ನಲ್ಲಿ ಪೂರ್ತಿ ನಿಲ್ಲಿಸಿದ್ದಾರೆ ಎಂದೂ ಓದಿದೆ. ಜನಾಭಿಪ್ರಾಯ ನಿಜಕ್ಕೂ ಯಾವ ಕಡೆ ಇದೆ? ಜನ ಬೇಡ ಅಂದರೆ ಸರ್ಕಾರ ನಿಲ್ಲಿಸಬೇಕಲ್ವಾ? ಮನೆ ಕೊಳ್ಳುವುದಿದ್ದರೆ ಏನು ನೋಡಬೇಕು?
– ಓದುಗರು, ಧಾರವಾಡ

ಉತ್ತರ: ನೀವು ನೋಡಿದ ಎರಡೂ ಸರ್ವೇಗಳು ನಿಜವೇ ಇರಬಹುದು. ಪಿಟ್ಸ್‌ಬರ್ಗ್ ಇರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಜನ ಹೆಚ್ಚುಕಮ್ಮಿ ಅರ್ಧಕ್ಕರ್ಧ ಹಂಚಿಹೋಗಿದ್ದಾರೆ. ಒಂದು ಸರ್ವೇಯಲ್ಲಿ ಬೇಕು ಅನ್ನುವವರು ಸ್ವಲ್ಪ ಮುಂದೆ, ಇನ್ನೊಂದರಲ್ಲಿ ಬೇಡ ಅನ್ನುವವರು. ಅಷ್ಟು ಸಣ್ಣ ಅಂತರ ಯಾರನ್ನು ಕೇಳಿದರು, ಹೇಗೆ ಕೇಳಿದರು ಅನ್ನುವುದರ ಮೇಲೆಯೇ ಆಚೀಚೆ ಆಗಿಬಿಡುತ್ತದೆ. ಬ್ರಿಟನ್ ಕತೆ ಬೇರೆ. ಅಲ್ಲಿ ವಿರೋಧವೇ ಜಾಸ್ತಿ, ಅದರಲ್ಲಿ ಅನುಮಾನವಿಲ್ಲ. ತಂತ್ರ ಒಂದೇ, ಬಂಡೆಯೂ ಹೆಚ್ಚುಕಮ್ಮಿ ಒಂದೇ ಬಗೆಯದು. ಆದರೂ ಎರಡು ದೇಶದ ಜನ ಇಷ್ಟು ಬೇರೆ ಬೇರೆ ಯಾಕೆ ಯೋಚಿಸುತ್ತಾರೆ? ಅಮೆರಿಕದವರಿಗೆ ಪರಿಸರದ ಕಾಳಜಿ ಕಡಿಮೆ ಎಂದು ಹೇಳಿ ಮುಗಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೆಲದಡಿಯ ಗ್ಯಾಸ್ ಯಾರ ಸೊತ್ತು, ಅದರ ದುಡ್ಡು ಯಾರ ಜೇಬಿಗೆ ಹೋಗುತ್ತದೆ, ತೊಂದರೆಯಾದರೆ ಅನುಭವಿಸುವವರು ಯಾರು, ಇದರ ಮೇಲೆ ಜನಾಭಿಪ್ರಾಯ ನಿಂತಿದೆ.

ಮೊದಲು ಕೆಲಸ ಏನು ಅಂತ ನೋಡೋಣ. ನಮ್ಮ ಬಯಲುಸೀಮೆಯಲ್ಲಿ ನೀರು ಕಡಿಮೆಯಾದ ಬೋರ್‌ವೆಲ್‌ಗೆ ‘ಹೈಡ್ರೋ ಫ್ರ್ಯಾಕ್ಚರಿಂಗ್’ ಮಾಡಿಸುವುದನ್ನು ನೀವು ಕೇಳಿರಬಹುದು. ಬೋರ್ ಬಿಗಿಯಾಗಿ ಮುಚ್ಚುವ ರಬ್ಬರ್ ಪ್ಯಾಕರ್ ಇಳಿಸಿ, ಒತ್ತಡದಲ್ಲಿ ನೀರು ನುಗ್ಗಿಸಿ, ಗಟ್ಟಿ ಬಂಡೆಯ ಮುಚ್ಚಿಹೋದ ಬಿರುಕು ತೆರೆಯುತ್ತಾರೆ. ಗ್ಯಾಸ್‌ನವರ ಫ್ರ್ಯಾಕಿಂಗ್‌ನ ಮೂಲ ಉಪಾಯವೂ ಅದೇ. ಆದರೆ ಪ್ರಮಾಣಕ್ಕೆ ಹೋಲಿಕೆಯೇ ಇಲ್ಲ. ಒಂದೂವರೆ, ಎರಡು ಕಿಲೋಮೀಟರ್ ಆಳಕ್ಕೆ ಕೊರೆದು, ಅಲ್ಲಿಂದ ಅಡ್ಡಲಾಗಿ ಮತ್ತೆ ಕಿಲೋಮೀಟರ್‌ಗಟ್ಟಲೆ ಕೊರೆಯುತ್ತಾರೆ. ಶೇಲ್ ಎಂಬ ಪದರಪದರದ ಬಂಡೆಯೊಳಗೆ ನೀರು, ಮರಳು, ಸ್ವಲ್ಪ ರಾಸಾಯನಿಕ ಸೇರಿಸಿ ನುಗ್ಗಿಸುತ್ತಾರೆ. ಬಿರುಕು ಮತ್ತೆ ಮುಚ್ಚದಂತೆ ಮರಳು ತಡೆಯುತ್ತದೆ. ಗ್ಯಾಸ್ ಹೊರಗೆ ಬರುತ್ತದೆ. ಅಮೆರಿಕದ ಭೂವಿಜ್ಞಾನ ಇಲಾಖೆಯ ಲೆಕ್ಕದಲ್ಲಿ ಒಂದು ಬಾವಿಗೆ ಸುಮಾರು 57 ಲಕ್ಷದಿಂದ 6 ಕೋಟಿ ಲೀಟರ್ ನೀರು ಬೇಕು. 12 ಸಾವಿರ ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ 475 ಟ್ಯಾಂಕರ್‌ನಿಂದ 5 ಸಾವಿರ ಟ್ಯಾಂಕರ್! ಅದರಲ್ಲಿ ಒಂದಷ್ಟು ಉಪ್ಪು, ರಾಸಾಯನಿಕ ಸೇರಿಕೊಂಡು ವಾಪಸ್ ಮೇಲೆ ಬರುತ್ತದೆ. ಆ ಕೊಳೆನೀರನ್ನು ಏನು ಮಾಡುವುದು ಅನ್ನುವುದೇ ದೊಡ್ಡ ತಲೆನೋವು. ಒಕ್ಲಹೋಮಾದಲ್ಲಿ ಎಣ್ಣೆ-ಗ್ಯಾಸ್ ಬಾವಿಗಳ ಇಂಥ ನೀರನ್ನು ಆಳದ ಬಾವಿಗಳಿಗೆ ತುಂಬಿಸಿ ತುಂಬಿಸಿ ಭೂಕಂಪ ಶುರುವಾಯಿತು. 2016ರ ಸೆಪ್ಟೆಂಬರ್‌ನಲ್ಲಿ ಪಾನಿ ಎಂಬಲ್ಲಿ 5.8 ತೀವ್ರತೆಯ ಕಂಪನವೇ ಆಯಿತು.

ಈಗ ಅಮೆರಿಕದ ಅಂಕಿಗಳಿಗೆ ಬರೋಣ. 2012ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ನಡೆದ ಒಂದು ಅಧ್ಯಯನದಲ್ಲಿ ಬೇಕು ಎಂದವರು ಶೇ. 22, ಬೇಡ ಎಂದವರು ಶೇ. 20. ಉಳಿದ ಶೇ. 58 ಜನ ಗೊತ್ತಿಲ್ಲ, ಇನ್ನೂ ತೀರ್ಮಾನಿಸಿಲ್ಲ ಎಂದರು. ಅವರಲ್ಲಿ ಬಹಳ ಮಂದಿ ಆ ಹೆಸರನ್ನೇ ಸರಿಯಾಗಿ ಕೇಳಿರಲಿಲ್ಲ. ಗ್ಯಾಸ್ ಉದ್ಯಮ ಭರ್ಜರಿಯಾಗಿ ಏರುತ್ತಿದ್ದ ಕಾಲ ಅದು. ಪತ್ರಿಕೆ ಟಿವಿಯಲ್ಲಿ ದಿನಾ ಜಗಳ. ಆದರೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅಭಿಪ್ರಾಯವೇ ಇರಲಿಲ್ಲ. ಯಾವ ಸರ್ವೇ ನೋಡಿದರೂ ಮೊದಲು ಈ ‘ಗೊತ್ತಿಲ್ಲ’ದವರ ಲೆಕ್ಕ ನೋಡಿ. ಕೆಲವು ಸರ್ವೇಗಳು ಆ ಆಯ್ಕೆಯನ್ನೇ ಕೊಡುವುದಿಲ್ಲ. ಆಗ ಸುಮ್ನೆ ಬಾಯಿಗೆ ಬಂದದ್ದನ್ನು ಹೇಳಿದವರೂ ಗಟ್ಟಿ ಅಭಿಪ್ರಾಯದವರ ಜೊತೆ ಸೇರಿಬಿಡುತ್ತಾರೆ.

ಮುಂದಿನ ವರ್ಷಗಳಲ್ಲಿ ಗಾಳಿ ತಿರುಗಿತು. ಪ್ಯೂ ಸಂಸ್ಥೆಯ ಸರ್ವೇಯಲ್ಲಿ 2013ರ ಮಾರ್ಚ್‌ನಲ್ಲಿ ಶೇ. 48 ಬೇಕು, ಶೇ. 38 ಬೇಡ. 2014ರ ನವೆಂಬರ್ ಹೊತ್ತಿಗೆ ಶೇ. 41 ಬೇಕು, ಶೇ. 47 ಬೇಡ. ಗ್ಯಾಲಪ್ ಎಂಬ ಇನ್ನೊಂದು ಸರ್ವೇ ಸಂಸ್ಥೆಯ ಲೆಕ್ಕದಲ್ಲಿ 2015ರಲ್ಲಿ ಎರಡೂ ಕಡೆ ತಲಾ ಶೇ. 40. ಒಂದೇ ವರ್ಷದಲ್ಲಿ ವಿರೋಧ ಶೇ. 51ಕ್ಕೆ ಏರಿತು, ಬೆಂಬಲ ಶೇ. 36ಕ್ಕೆ ಇಳಿಯಿತು. ಯಾಕೆ ಹೀಗಾಯಿತು? ಬೆಲೆಯೂ ಒಂದು ಕಾರಣ ಇರಬಹುದು. ಪೆಟ್ರೋಲ್ ಅಗ್ಗವಾಗಿತ್ತು. ಬೆಲೆ ಇಳಿದಾಗ ಇದೆಲ್ಲ ಯಾಕೆ ಬೇಕು ಅನಿಸುತ್ತದೆ. ಬೆಲೆ ಏರಿದರೆ ಇದೂ ಇರಲಿ ಬಿಡಿ ಅನಿಸುತ್ತದೆ. ಜೊತೆಗೆ ಪಕ್ಷದ ಬಣ್ಣವೂ ಗಾಢವಾಗಿ ಹತ್ತಿಕೊಂಡಿದೆ. ರಿಪಬ್ಲಿಕನ್ನರಲ್ಲಿ ಹೆಚ್ಚಿನವರು ಬೇಕು ಅನ್ನುತ್ತಾರೆ, ಡೆಮಾಕ್ರಟರಲ್ಲಿ ಹೆಚ್ಚಿನವರು ಬೇಡ ಅನ್ನುತ್ತಾರೆ. ಅಮೆರಿಕದಲ್ಲಿ ಒಬ್ಬರು ಯಾರಿಗೆ ಮತ ಹಾಕುತ್ತಾರೆ ಅಂತ ಗೊತ್ತಿದ್ದರೆ ಫ್ರ್ಯಾಕಿಂಗ್ ಬಗ್ಗೆ ಅವರ ಉತ್ತರವನ್ನು ಬಹುಪಾಲು ಊಹಿಸಬಹುದು.

ಆದರೆ ಬಾವಿಯ ಪಕ್ಕದಲ್ಲಿ ಇರುವವರ ಲೆಕ್ಕಾಚಾರ ಪಕ್ಷವನ್ನೂ ಮೀರುತ್ತದೆ. ಅಮೆರಿಕದಲ್ಲಿ ನೆಲದಡಿಯ ಖನಿಜ ಖಾಸಗಿಯವರ ಸೊತ್ತಾಗಬಹುದು. ಪೆನ್ಸಿಲ್ವೇನಿಯಾದ ರೈತನೊಬ್ಬ ತನ್ನ ಜಮೀನನ್ನು ಗ್ಯಾಸ್ ಕಂಪನಿಗೆ ಲೀಸ್ ಕೊಟ್ಟರೆ ಕೈಗೆ ಒಂದು ಮೊತ್ತ ಬರುತ್ತದೆ. ಆಮೇಲೆ ಗ್ಯಾಸ್ ಬರುವಷ್ಟು ಕಾಲ ರಾಯಲ್ಟಿ, ಅಂದರೆ ಗ್ಯಾಸ್‌ನ ಆದಾಯದಲ್ಲಿ ಪಾಲು. ಅದು ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು ಅಂತ ರಾಜ್ಯದ ಕಾನೂನೇ ಹೇಳುತ್ತದೆ. ಹಾಲಿನ ದರ ಬಿದ್ದು ಡೈರಿ ಮುಚ್ಚುವ ಸ್ಥಿತಿಯಲ್ಲಿದ್ದವರು ಈ ದುಡ್ಡಿನಿಂದ ಜಮೀನು ಉಳಿಸಿಕೊಂಡಿದ್ದಾರೆ. ಅವರ ಬೆಂಬಲವನ್ನು ಆಸೆಬುರುಕತನ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅದರ ಪಕ್ಕದಲ್ಲೇ ಡಿಮಾಕ್ ಎಂಬ ಪುಟ್ಟ ಊರಿನ ಕತೆಯನ್ನೂ ಇಡಬೇಕು. 2009ರ ಹೊಸ ವರ್ಷದ ದಿನ ಅಲ್ಲೊಂದು ಮನೆಯ ಕುಡಿಯುವ ನೀರಿನ ಬಾವಿ ಸ್ಫೋಟಿಸಿತು. ನೀರಿಗೆ ಮೀಥೇನ್, ಅಂದರೆ ನೆಲದಡಿಯ ಗ್ಯಾಸ್‌ನ ಮುಖ್ಯ ಅಂಶ, ಸೇರಿಕೊಂಡಿತ್ತು. ಬಂಡೆ ಒಡೆದದ್ದಕ್ಕಿಂತ ಗ್ಯಾಸ್ ಬಾವಿಯ ಕೇಸಿಂಗ್, ಸಿಮೆಂಟ್ ಸರಿಯಿಲ್ಲದೆ ಗ್ಯಾಸ್ ಮೇಲಕ್ಕೆ ಸೋರುವುದು ಇಂಥ ಕಡೆ ಮುಖ್ಯ ಕಾರಣ. ಕಂಪನಿ ವರ್ಷಗಟ್ಟಲೆ ಜಗಳವಾಡಿತು. ಕೊನೆಗೆ 2022ರ ನವೆಂಬರ್‌ನಲ್ಲಿ ಕೋರ್ಟಿನಲ್ಲಿ ಆರೋಪವನ್ನು ಪ್ರಶ್ನಿಸದೆ, ಊರಿಗೆ ನೀರಿನ ಪೈಪ್‌ಲೈನ್ ಹಾಕಲು ಸುಮಾರು 1.63 ಕೋಟಿ ಡಾಲರ್ ಕೊಡಲು ಒಪ್ಪಿತು. ಅಷ್ಟೆಲ್ಲ ಆದರೂ ಅದೇ ಡಿಮಾಕ್‌ನಲ್ಲಿ ನಮ್ಮ ನೀರು ಚೆನ್ನಾಗಿಯೇ ಇದೆ, ಊರಿನ ಹೆಸರು ಕೆಡಿಸಬೇಡಿ ಅನ್ನುವವರೂ ಇದ್ದರು. ಒಂದೇ ರಸ್ತೆಯ ಎರಡು ಮನೆಯವರು ಮಾತು ಬಿಟ್ಟ ಊರು ಅದು.

ಟೆಕ್ಸಸ್‌ನ ಡೆಂಟನ್ ಇನ್ನೂ ಸೋಜಿಗ. ಇವತ್ತಿನ ಫ್ರ್ಯಾಕಿಂಗ್ ಹುಟ್ಟಿದ್ದೇ ಆ ಭಾಗದ ಬಾರ್ನೆಟ್ ಶೇಲ್‌ನಲ್ಲಿ. ಜಾರ್ಜ್ ಮಿಚೆಲ್ ಎಂಬ ಉದ್ಯಮಿಯ ಕಂಪನಿ ವರ್ಷಗಟ್ಟಲೆ ಅಲ್ಲೇ ಪ್ರಯೋಗ ಮಾಡಿತ್ತು. ಅಂಥ ಎಣ್ಣೆ-ಗ್ಯಾಸ್ ನಾಡಿನಲ್ಲಿ 2014ರ ನವೆಂಬರ್‌ನಲ್ಲಿ ಊರವರು ಮತ ಹಾಕಿ, ಶೇ. 59 ಬಹುಮತದಿಂದ ತಮ್ಮ ಊರಿನೊಳಗೆ ಫ್ರ್ಯಾಕಿಂಗ್ ನಿಷೇಧಿಸಿದರು. ಕಾರಣ ಸರಳ. ಅಲ್ಲಿನ ಬಹಳ ಮನೆಯವರಿಗೆ ಮನೆ ಮಾತ್ರ ಸ್ವಂತ, ಕೆಳಗಿನ ಗ್ಯಾಸ್ ಬೇರೆ ಯಾರದ್ದೋ. ಸದ್ದು, ಲಾರಿ, ವಾಸನೆ ಇವರಿಗೆ, ಚೆಕ್ ಬೇರೆಯವರಿಗೆ. ಇದು ಸರ್ವೇ ಅಲ್ಲ, ಮತಪೆಟ್ಟಿಗೆಯ ತೀರ್ಪು. ಆದರೂ 2015ರ ಮೇ ತಿಂಗಳಲ್ಲಿ ಟೆಕ್ಸಸ್ ಸರ್ಕಾರ ಊರುಗಳಿಗೆ ಇಂಥ ನಿಷೇಧದ ಅಧಿಕಾರವೇ ಇಲ್ಲ ಎಂದು ಕಾನೂನು ಮಾಡಿತು. ಒಂದು ವರ್ಷ ತುಂಬುವ ಮೊದಲೇ ನಿಷೇಧ ಹೋಯಿತು. ಸರ್ಕಾರ ಸಣ್ಣದಿರಬೇಕು, ಊರಿನ ತೀರ್ಮಾನ ಊರಿಗೆ ಬಿಡಬೇಕು ಎಂದು ಭಾಷಣ ಮಾಡುವ ರಾಜ್ಯದಲ್ಲೇ ಹೀಗಾಯಿತು. ಅದೇ ಹೊತ್ತಿಗೆ, 2014ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕ್ ರಾಜ್ಯ ಇದನ್ನು ನಿಷೇಧಿಸುವ ತೀರ್ಮಾನ ಪ್ರಕಟಿಸಿತು. ಪೆನ್ಸಿಲ್ವೇನಿಯಾದ ಗ್ಯಾಸ್ ಬಂಡೆಯೇ ಗಡಿಯಾಚೆಗೂ ಹಬ್ಬಿದೆ. ಗಡಿಯ ಒಂದು ಕಡೆ ರಾಯಲ್ಟಿ, ಇನ್ನೊಂದು ಕಡೆ ನಿಷೇಧ.

ಬ್ರಿಟನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಜನಾಭಿಪ್ರಾಯ ಹೇಗೆ ಹುಟ್ಟಿ ಬೆಳೆಯುತ್ತದೆ ಅನ್ನುವುದನ್ನು ಅಲ್ಲಿ ವರ್ಷ ವರ್ಷವೂ ನೋಡಬಹುದು. ಅಲ್ಲಿ ನೆಲದಡಿಯ ಎಣ್ಣೆ, ಗ್ಯಾಸ್ ಎಲ್ಲ 1934ರಿಂದಲೂ ರಾಜಸತ್ತೆಯದು, ಅಂದರೆ ಸರ್ಕಾರದ್ದು. ಜಮೀನಿನವರಿಗೆ ರಾಯಲ್ಟಿ ಇಲ್ಲ. 2011ರಲ್ಲಿ ಉತ್ತರ ಇಂಗ್ಲೆಂಡ್‌ನ ಲ್ಯಾಂಕಾಷೈರ್‌ನ ಪ್ರೀಸ್ ಹಾಲ್‌ನಲ್ಲಿ ಕ್ವಾಡ್ರಿಲ್ಲಾ ಕಂಪನಿ ಕೆಲಸ ಶುರು ಮಾಡಿದಾಗ 2.3 ತೀವ್ರತೆಯ ಕಂಪನ ಆಯಿತು. ಮನೆ ಬೀಳುವಂಥದ್ದಲ್ಲ. ಆದರೆ ಭೂಕಂಪದ ಅಭ್ಯಾಸವೇ ಇಲ್ಲದ ಜನ. ಸರ್ಕಾರ ಕೆಲಸ ನಿಲ್ಲಿಸಿ ತಜ್ಞರನ್ನು ಕೇಳಿತು. 2012ರಲ್ಲಿ ರಾಯಲ್ ಸೊಸೈಟಿ ಮತ್ತು ರಾಯಲ್ ಅಕಾಡೆಮಿ ಆಫ್ ಎಂಜಿನಿಯರಿಂಗ್ ಸೇರಿ ವರದಿ ಕೊಟ್ಟವು. ಒಳ್ಳೆಯ ಪದ್ಧತಿ, ಬಿಗಿ ನಿಯಮ ಇದ್ದರೆ ಅಪಾಯವನ್ನು ಹತೋಟಿಯಲ್ಲಿ ಇಡಬಹುದು ಎಂಬುದು ಅದರ ಸಾರ. ಆ ವರ್ಷದ ಕೊನೆಗೆ ನಿಷೇಧ ತೆಗೆದರು. 2014ರಲ್ಲಿ ಪ್ರಧಾನಿ ಡೇವಿಡ್ ಕ್ಯಾಮರೂನ್ ಶೇಲ್ ಗ್ಯಾಸ್ ಬೆನ್ನಿಗೆ ಪೂರ್ತಿ ನಿಂತರು.

ಸರ್ಕಾರದ ನಂಬಿಕೆ ಏನಿತ್ತೆಂದರೆ, ಜನಕ್ಕೆ ಇನ್ನೂ ಗೊತ್ತಿಲ್ಲ, ಗೊತ್ತಾದರೆ ಒಪ್ಪುತ್ತಾರೆ. ಸರ್ಕಾರದ್ದೇ ಇಲಾಖೆ ನಿಯಮಿತವಾಗಿ ಸರ್ವೇ ನಡೆಸುತ್ತಿತ್ತು. 2013ರ ಡಿಸೆಂಬರ್‌ನಲ್ಲಿ ಬೆಂಬಲ ಶೇ. 27, ವಿರೋಧ ಶೇ. 21, ಸುಮಾರು ಅರ್ಧ ಜನ ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ. ಆಮೇಲೆ ಜನಕ್ಕೆ ವಿಷಯ ಗೊತ್ತಾಗುತ್ತಾ ಹೋಯಿತು. ಗೊತ್ತಾದಷ್ಟೂ ವಿರೋಧ ಏರಿತು. 2019ರ ಹೊತ್ತಿಗೆ ಬೆಂಬಲ ಶೇ. 12, ವಿರೋಧ ಶೇ. 40. ಅಮೆರಿಕದ 2012ರ ಆ ಅಧ್ಯಯನದಲ್ಲೂ ಇದೇ ಜಾಡು ಕಂಡಿತ್ತು. ಹೆಚ್ಚು ಗೊತ್ತಿದ್ದವರು, ಪತ್ರಿಕೆ ಹೆಚ್ಚು ಓದುವವರು ವಿರೋಧಿಸುವ ಸಾಧ್ಯತೆ ಜಾಸ್ತಿ ಇತ್ತು. ಜನ ದಡ್ಡರು, ಅದಕ್ಕೇ ಹೆದರುತ್ತಾರೆ ಎಂದು ನಮ್ಮ ಎಂಜಿನಿಯರುಗಳು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಈ ಅಂಕಿಗಳು ಆ ಮಾತಿಗೆ ಒಗ್ಗುವುದಿಲ್ಲ.

ಹಾಗಂತ ವಿರೋಧಿಗಳು ತೋರಿಸುವ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬಬೇಡಿ. 2014ರಲ್ಲಿ ಬ್ರಿಟನ್ ಸರ್ಕಾರ ಒಂದು ಪ್ರಸ್ತಾಪ ಇಟ್ಟಿತು. 300 ಮೀಟರ್‌ಗಿಂತ ಆಳದಲ್ಲಿ ಕೊರೆಯಲು ಜಮೀನಿನವರ ಅನುಮತಿ ಬೇಕಿಲ್ಲ ಅಂತ. ಅಭಿಪ್ರಾಯ ಕೇಳಿದಾಗ 40 ಸಾವಿರಕ್ಕೂ ಹೆಚ್ಚು ಉತ್ತರ ಬಂದವು. ಶೇ. 99 ವಿರೋಧ! ಅದೇ ವರ್ಷ ಇಲಾಖೆಯ ಸರ್ವೇಯಲ್ಲಿ ಫ್ರ್ಯಾಕಿಂಗ್ ವಿರೋಧಿಸಿದವರು ಕಾಲು ಭಾಗದಷ್ಟು ಮಾತ್ರ. ಪತ್ರ ಬರೆಯುವವರು ಸಿಟ್ಟು ಬಂದವರು. ಸರ್ವೇಯವರು ಫೋನ್ ಮಾಡಿ, ಮನೆಗೆ ಹೋಗಿ ಕೇಳುವುದು ಆ ವಿಷಯ ತಲೆಗೇ ಹಾಕಿಕೊಳ್ಳದವರನ್ನೂ ಸೇರಿಸಿ. ಎರಡೂ ಮುಖ್ಯ. ಒಂದು ವಿರೋಧ ಎಷ್ಟು ತೀವ್ರ ಅನ್ನುವುದನ್ನು ಹೇಳುತ್ತದೆ, ಇನ್ನೊಂದು ಎಷ್ಟು ಅಗಲ ಅನ್ನುವುದನ್ನು. ಇವೆರಡನ್ನು ಕಲಸಿದರೆ ಲೆಕ್ಕ ಕೆಡುತ್ತದೆ. ಅಂದಹಾಗೆ, ಶೇ. 99 ವಿರೋಧ ಬಂದರೂ ಸರ್ಕಾರ ಆ ಪ್ರಸ್ತಾಪವನ್ನು 2015ರಲ್ಲಿ ಕಾನೂನು ಮಾಡಿತು.

ವಿರೋಧ ಗಟ್ಟಿಯಾದದ್ದು ಇಂಥ ನಡೆಗಳಿಂದಲೇ ಎಂದು ನನಗನಿಸುತ್ತದೆ. 2015ರಲ್ಲಿ ಲ್ಯಾಂಕಾಷೈರ್ ಕೌಂಟಿ ಕೌನ್ಸಿಲ್ ಪ್ರೆಸ್ಟನ್ ನ್ಯೂ ರೋಡ್ ಎಂಬ ಜಾಗದಲ್ಲಿ ಫ್ರ್ಯಾಕಿಂಗ್ ಬೇಡ ಎಂದಿತು. 2016ರಲ್ಲಿ ಲಂಡನ್‌ನ ಮಂತ್ರಿ ಸಾಜಿದ್ ಜಾವಿದ್ ಅದನ್ನು ತಳ್ಳಿಹಾಕಿ ಅನುಮತಿ ಕೊಟ್ಟರು. ದುಡ್ಡಿನ ಆಸೆಯನ್ನೂ ತೋರಿಸಿದರು. ಒಂದು ಜಾಗಕ್ಕೆ ಒಂದು ಲಕ್ಷ ಪೌಂಡ್, ಆದಾಯದಲ್ಲಿ ಶೇ. 1 ಊರಿಗೆ. ಆಮೇಲೆ ಮನೆಮನೆಗೇ ನೇರ ದುಡ್ಡು ಕೊಡುವ ಮಾತೂ ಬಂತು. ಹಕ್ಕಾಗಿ ಬರುವ ರಾಯಲ್ಟಿ ಬೇರೆ, ಬಾಯಿ ಮುಚ್ಚಿಸಲು ಕೊಡುವ ದುಡ್ಡು ಬೇರೆ. ಲ್ಯಾಂಕಾಷೈರ್‌ನವರಿಗೆ ಅದು ಎರಡನೆಯದಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. 2018ರ ಅಕ್ಟೋಬರ್‌ನಲ್ಲಿ ಕೆಲಸ ಶುರುವಾಯಿತು. 2019ರ ಆಗಸ್ಟ್ 26ರಂದು 2.9 ತೀವ್ರತೆಯ ಕಂಪನ. ನವೆಂಬರ್‌ನಲ್ಲಿ, ಚುನಾವಣೆ ಎದುರಿಗಿದ್ದಾಗ, ಸರ್ಕಾರ ಇಂಗ್ಲೆಂಡ್‌ನಲ್ಲಿ ಫ್ರ್ಯಾಕಿಂಗ್ ನಿಲ್ಲಿಸಿತು.

2022ರಲ್ಲಿ ಉಕ್ರೇನ್ ಯುದ್ಧದಿಂದ ಗ್ಯಾಸ್ ಬೆಲೆ ಗಗನಕ್ಕೇರಿತು. ಬೆಂಬಲವೂ ಸ್ವಲ್ಪ ಏರಿತು, ಆದರೆ ವಿರೋಧವನ್ನು ದಾಟಲಿಲ್ಲ. ಪ್ರಧಾನಿ ಲಿಜ್ ಟ್ರಸ್ ಸೆಪ್ಟೆಂಬರ್‌ನಲ್ಲಿ ತಡೆ ತೆಗೆದು, ಸ್ಥಳೀಯರ ಒಪ್ಪಿಗೆ ಇದ್ದಲ್ಲಿ ಮಾತ್ರ ಎಂದರು. ಒಪ್ಪಿಗೆ ಅಳೆಯುವುದು ಹೇಗೆ? ಮತದಾನವಾ, ಸರ್ವೇಯಾ? ಎಷ್ಟು ಮೈಲಿ ದೂರದವರು ಸ್ಥಳೀಯರು? ಇದಕ್ಕೆ ನೇರ ಉತ್ತರ ಬರಲೇ ಇಲ್ಲ. ಅಕ್ಟೋಬರ್ 19ರಂದು ಸಂಸತ್ತಿನಲ್ಲಿ ಇದೇ ವಿಷಯದ ಮತದಾನದಲ್ಲಿ ಅವರ ಪಕ್ಷದೊಳಗೇ ಗದ್ದಲವಾಯಿತು. ಮರುದಿನ ಟ್ರಸ್ ರಾಜೀನಾಮೆ ಪ್ರಕಟಿಸಿದರು. ಫ್ರ್ಯಾಕಿಂಗ್ ಒಂದೇ ಕಾರಣ ಅಲ್ಲ ಬಿಡಿ, ಅವರ ಬಜೆಟ್ ಮೊದಲೇ ಮುಳುಗಿಸಿತ್ತು. ರಿಷಿ ಸುನಕ್ ಬಂದ ತಕ್ಷಣ ಮತ್ತೆ ತಡೆ ಹಾಕಿದರು.

ನಮ್ಮ ದೇಶದಲ್ಲೂ ಪರಿಸ್ಥಿತಿ ಬ್ರಿಟನ್ನಿನಂತೆಯೇ. ನೆಲದಡಿಯ ಎಣ್ಣೆ ಗ್ಯಾಸ್ ಸರ್ಕಾರದ್ದು. ನೆಲದ ಮೇಲಿನ ಬಾವಿಯ ರಾಯಲ್ಟಿ ರಾಜ್ಯ ಸರ್ಕಾರಕ್ಕೆ, ರೈತನಿಗೆ ಮೇಲಿನ ಜಮೀನು ಬಳಸಿದ್ದಕ್ಕೆ ಪರಿಹಾರ ಮಾತ್ರ. ಹಾಗಾಗಿ ತಮಿಳುನಾಡಿನ ಕಾವೇರಿ ಡೆಲ್ಟಾ ಭಾಗದಲ್ಲಿ ಎದ್ದ ವಿರೋಧ ನನಗೆ ಅಚ್ಚರಿ ತರಲಿಲ್ಲ. 2017ರ ಫೆಬ್ರವರಿಯಲ್ಲಿ ಪುದುಕೋಟೈ ಜಿಲ್ಲೆಯ ನೆಡುವಾಸಲ್‌ನಲ್ಲಿ ಹೈಡ್ರೋಕಾರ್ಬನ್ (ಎಣ್ಣೆ-ಗ್ಯಾಸ್) ಯೋಜನೆಯ ವಿರುದ್ಧ ಊರಿಗೆ ಊರೇ ಕೂತಿತು. ಆ ಗುತ್ತಿಗೆ ಸಿಕ್ಕಿದ್ದು ಕರ್ನಾಟಕದ ಒಂದು ಕಂಪನಿಗೆ. ಇದು ಫ್ರ್ಯಾಕಿಂಗ್ ಅಲ್ಲ, ಮಾಮೂಲಿ ಬಾವಿ ಎಂದು ಕೇಂದ್ರ ಹೇಳಿದರೂ ಜನ ನಂಬಲಿಲ್ಲ. 2020ರಲ್ಲಿ ತಮಿಳುನಾಡು ಡೆಲ್ಟಾವನ್ನು ಸಂರಕ್ಷಿತ ಕೃಷಿ ವಲಯ ಮಾಡಿ ಕಾನೂನು ತಂದಿತು. ಅದೇ ವರ್ಷದ ಜನವರಿಯಲ್ಲಿ ಕೇಂದ್ರ ಎಣ್ಣೆ-ಗ್ಯಾಸ್ ಅನ್ವೇಷಣೆಯ ಹಂತಕ್ಕೆ ಸಾರ್ವಜನಿಕ ಅಹವಾಲು ಬೇಕಿಲ್ಲ ಎಂದು ನಿಯಮ ಬದಲಿಸಿತ್ತು. ಇದು ತಪ್ಪು ಹೆಜ್ಜೆ ಅನ್ನುವುದು ನನ್ನ ಅಭಿಪ್ರಾಯ. ಗ್ಯಾಸ್ ಸಿಕ್ಕಿದ ಮೇಲೆ ಅಹವಾಲು ಕೇಳಿದರೆ ಅಷ್ಟೊತ್ತಿಗೆ ದುಡ್ಡು ಸುರಿದಾಗಿರುತ್ತದೆ, ತೀರ್ಮಾನವೂ ಆಗಿಹೋಗಿರುತ್ತದೆ.

ಜನ ಬೇಡ ಅಂದರೆ ನಿಲ್ಲಿಸಬೇಕಲ್ವಾ ಎಂದು ಕೇಳಿದ್ದೀರಿ. ದೇಶದ ಒಟ್ಟು ಸರ್ವೇ ನೋಡಿಕೊಂಡು ಒಂದು ಊರಿನ ಬಾವಿಯ ತೀರ್ಮಾನ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಸರ್ವೇಯ ಉತ್ತರ ಪೆಟ್ರೋಲ್ ಬೆಲೆಯ ಜೊತೆ ಓಲಾಡುತ್ತದೆ. ಬಾವಿ ಮಾತ್ರ ಇಪ್ಪತ್ತು ಮೂವತ್ತು ವರ್ಷ ಅಲ್ಲೇ ಇರುತ್ತದೆ. ಪಕ್ಕದಲ್ಲಿ ಇರುವವರಿಗೆ ಮತ ಇರಬೇಕು. ಯಾರು ಪಕ್ಕದವರು, ಎಷ್ಟು ಮತ ಬಂದರೆ ಒಪ್ಪಿಗೆ ಅನ್ನುವುದನ್ನು ಕೊರೆಯುವ ಮೊದಲೇ ಬರೆದಿಟ್ಟಿರಬೇಕು. ಡೆಂಟನ್‌ನಲ್ಲಿ ಮತ ಇತ್ತು, ಅದಕ್ಕೆ ಬೆಲೆ ಇರಲಿಲ್ಲ. ಟ್ರಸ್ ಬೆಲೆ ಕೊಡುತ್ತೇನೆ ಎಂದರು, ಮತ ಹೇಗೆ ಅಂತ ಹೇಳಲಿಲ್ಲ.

ಅಮೆರಿಕದ ಚುನಾವಣೆಯ ಗದ್ದಲವನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಡೆಮಾಕ್ರಟ್ ಅಭ್ಯರ್ಥಿ ಕಮಲಾ ಹ್ಯಾರಿಸ್ 2019ರಲ್ಲಿ ನಿಷೇಧದ ಪರ ಮಾತಾಡಿದ್ದರು, 2024ರಲ್ಲಿ ನಿಷೇಧಿಸುವುದಿಲ್ಲ ಎಂದರು. ಆದರೆ ಖಾಸಗಿ ಜಮೀನಿನ ಫ್ರ್ಯಾಕಿಂಗ್ ಅನ್ನು ಅಧ್ಯಕ್ಷರು ತಾವಾಗಿ ನಿಷೇಧಿಸಲು ಆಗುವುದಿಲ್ಲ, ಅದಕ್ಕೆ ಸಂಸತ್ತಿನ ಕಾನೂನು ಬೇಕು. ಪೆನ್ಸಿಲ್ವೇನಿಯಾದ ಬಾವಿಗಳು ಬಹುಪಾಲು ಇರುವುದು ಖಾಸಗಿ ಜಮೀನಿನಲ್ಲೇ. ಯಾರು ಗೆದ್ದರೂ ನಿಮ್ಮ ಮಗಳ ಮನೆಯ ಪಕ್ಕದ ಬಾವಿ ಅಲ್ಲೇ ಇರುತ್ತದೆ.

ಮನೆಯ ವಿಷಯ. ಮೊದಲು ಡೀಡ್‌ನಲ್ಲಿ (ಕ್ರಯಪತ್ರದಲ್ಲಿ) ಖನಿಜದ ಹಕ್ಕು ಮನೆಯ ಜೊತೆ ಬರುತ್ತದಾ ನೋಡಲು ಹೇಳಿ. ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ಕಲ್ಲಿದ್ದಲು, ಗ್ಯಾಸ್ ಹಕ್ಕನ್ನು ಹಿಂದಿನವರು ಎಂದೋ ಬೇರೆಯಾಗಿ ಮಾರಿರುವುದು ಸಾಮಾನ್ಯ. ಇದಕ್ಕೆ ಖನಿಜದ ಹಕ್ಕು ಗೊತ್ತಿರುವ ವಕೀಲರೇ ಬೇಕು. ರಾಜ್ಯದ ಪರಿಸರ ಇಲಾಖೆಯ ವೆಬ್‌ಸೈಟ್‌ನಲ್ಲಿ ಬಾವಿಗಳ ನಕ್ಷೆ ಇದೆ, ಮನೆ ಎಷ್ಟು ದೂರ ಅಂತ ಅಲ್ಲೇ ಸಿಗುತ್ತದೆ. ಈಗಿನ ಕಾನೂನಿನಲ್ಲಿ ಬಾವಿಗೂ ಮನೆಗೂ 500 ಅಡಿ ಅಂತರ ಸಾಕು. 2020ರಲ್ಲಿ ರಾಜ್ಯದ ಗ್ರ್ಯಾಂಡ್ ಜ್ಯೂರಿ, ಅಂದರೆ ತನಿಖೆಗೆ ಕೂತ ನಾಗರಿಕರ ಮಂಡಳಿ, ಅದನ್ನು 2,500 ಅಡಿ ಮಾಡಿ ಎಂದಿತ್ತು. 2023ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅಧ್ಯಯನಗಳು ಬಾವಿಗಳ ಹತ್ತಿರ ಇರುವ ಮಕ್ಕಳಲ್ಲಿ ಲಿಂಫೋಮಾ ಎಂಬ ಅಪರೂಪದ ಕ್ಯಾನ್ಸರ್ ಹೆಚ್ಚು ಕಂಡಿದೆ, ಆಸ್ತಮಾ ಉಲ್ಬಣಿಸುವುದಕ್ಕೂ ಬಲವಾದ ನಂಟಿದೆ ಎಂದವು. ಮಕ್ಕಳ ರಕ್ತದ ಕ್ಯಾನ್ಸರ್‌ಗೆ (ಲ್ಯುಕೀಮಿಯಾ) ಅಂಥ ನಂಟು ಕಾಣಲಿಲ್ಲ. ನಾನಾಗಿದ್ದರೆ 2,500 ಅಡಿಗಿಂತ ಹತ್ತಿರದ ಮನೆಯನ್ನು ಬಿಟ್ಟುಬಿಡುತ್ತಿದ್ದೆ, ಅದರಲ್ಲೂ ಮನೆಯಲ್ಲಿ ಉಬ್ಬಸದವರಿದ್ದರೆ.

ನೀರು ಪಾಲಿಕೆಯದಾ, ಸ್ವಂತ ಬಾವಿಯದಾ ಕೇಳಿ. ಆ ರಾಜ್ಯದಲ್ಲಿ ಮನೆಯ ಬಾವಿ ನೀರಿಗೆ ಸರ್ಕಾರದ ತಪಾಸಣೆ ಇಲ್ಲ. ಸ್ವಂತ ಬಾವಿಯಾದರೆ, ಹತ್ತಿರದಲ್ಲಿ ಕೊರೆಯುವ ಮೊದಲೇ ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಮೀಥೇನ್, ಕ್ಲೋರೈಡ್, ಬೇರಿಯಂ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಬೇಕು. ಗ್ಯಾಸ್ ಬಾವಿಯಿಂದ 2,500 ಅಡಿಯೊಳಗೆ, ಕೆಲಸ ಮುಗಿದ 12 ತಿಂಗಳೊಳಗೆ ನೀರು ಕೆಟ್ಟರೆ ಕಂಪನಿಯೇ ಹೊಣೆ ಎಂದು ಕಾನೂನು ಮೊದಲಿಗೇ ಭಾವಿಸುತ್ತದೆ. ಆದರೆ ಕಂಪನಿಯವರು ಮೊದಲೇ ಪರೀಕ್ಷೆ ಮಾಡಲು ಬಂದಾಗ ಮನೆಯವರು ಬೇಡ ಅಂದಿದ್ದರೆ, ಅದನ್ನೇ ಮುಂದಿಟ್ಟು ಕಂಪನಿ ಜಾರಿಕೊಳ್ಳಬಹುದು. ಅವರು ಬಂದರೆ ಒಳಗೆ ಬಿಡಲಿ, ಜೊತೆಗೆ ತಮ್ಮದೇ ಒಂದು ಪರೀಕ್ಷೆಯನ್ನೂ ಮಾಡಿಸಲಿ.